ಕೈಲಾಸಕ್ಕೆ ಹೋಗಲಾಗದವರು

ದೇವರ ಹತ್ತಿರ ಹೋಗಲು ಇಷ್ಟು ದೂರ ನಡೆಯಲೇಬೇಕೆ? ಟಿಬೆಟ್ಟಿನ ಕೈಲಾಸ ಪರ್ವತ 6,638 ಮೀಟರ್ ಎತ್ತರದ್ದು. ಸುತ್ತ ಮರವಿಲ್ಲದ, ಮೈ ಕೊರೆಯುವ ಚಳಿಯ ಬಯಲು. ಸುಮಾರು 52 ಕಿ.ಮೀ. ಪರಿಕ್ರಮದಲ್ಲಿ ದೋಲ್ಮಾ ಲಾ ಎಂಬ ಕಣಿವೆದಾರಿ 5,600 ಮೀಟರಿಗೂ ಮೇಲಿದೆ. ಶಿವಭಕ್ತರು, ಬೌದ್ಧರು, ಜೈನರು, ಬೋನ್ ಪಂಥದವರು ಎಲ್ಲರಿಗೂ ಅದು ಪವಿತ್ರ. 2020ರಿಂದ ನಿಂತಿದ್ದ ಸರ್ಕಾರಿ ಯಾತ್ರೆ 2025ರಲ್ಲಿ ಮತ್ತೆ ಶುರುವಾಯಿತು. ಅದಕ್ಕೆ ವಯಸ್ಸು 18ರಿಂದ 70ರೊಳಗಿರಬೇಕು, ಪಾಸ್‌ಪೋರ್ಟ್ ಬೇಕು, ಲಕ್ಷಕ್ಕೂ ಮೀರಿದ ಹಣ ಬೇಕು, ವೈದ್ಯರು ಹೂಂ ಅನ್ನಬೇಕು. ರಕ್ತದೊತ್ತಡ ಹೆಚ್ಚಿದ್ದರೆ ತಪ್ಪಿಹೋಗುವ ದರ್ಶನವನ್ನು ಮುಕ್ತಿಯ ಷರತ್ತು ಎಂದು ಒಪ್ಪಲು ನನ್ನಿಂದಾಗದು.

ಕಲಬುರಗಿ ಈ ಪ್ರಶ್ನೆಯನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿಕೊಂಡ ಊರು. ಹನ್ನೆರಡನೇ ಶತಮಾನದ ಶರಣರು ಕೈಲಾಸವನ್ನು ಕಾಯಕದೊಳಕ್ಕೆ ಇಳಿಸಿದರು. ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಗೆ ಬಂದು ನೆಲೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ಅದನ್ನು ದಾಸೋಹದ ಪಂಕ್ತಿಗೇ ತಂದರು. ಹೋಳಿಯ ನಂತರದ ಜಾತ್ರೆಯಲ್ಲಿ, ತೇರಿನ ಹೊತ್ತಿಗೆ, ಪೀಠಾಧಿಪತಿಗಳು ಜನರಿಗೆ ಎತ್ತಿ ತೋರಿಸುವುದು ಒಂದು ಬಟ್ಟಲನ್ನು, ಪರುಷ ಬಟ್ಟಲನ್ನು. ಅಷ್ಟು ಜನ ಕತ್ತೆತ್ತಿ ನೋಡುವುದು ಅಂಗೈಯಲ್ಲಿ ಹಿಡಿಸುವ ವಸ್ತುವನ್ನು! ಇತ್ತ ಅದೇ ಜಿಲ್ಲೆಯ ಕಮಲಾಪುರದಲ್ಲಿ ಕೆಂಪು ಬಾಳೆಯ ಗೊನೆ ಕೈಗೆ ಬರಲು ಒಂದೂವರೆ ವರ್ಷದಷ್ಟು ಕಾಯಬೇಕು. ತೋಟಕ್ಕೆ ನೀರು ಬಿಡುವುದನ್ನು ಬಿಟ್ಟು ಮೂರು ವಾರ ಹಿಮಾಲಯಕ್ಕೆ ಹೋಗು ಎನ್ನುವ ಧರ್ಮ ಆ ರೈತನದಾಗಲಾರದು.

ಕಷ್ಟಪಟ್ಟು ನಡೆದರೇ ಅಹಂಕಾರ ಕರಗುವುದು ಎನ್ನುವವರಿದ್ದಾರೆ. ಇರಬಹುದು. ಹಾಗಾದರೆ ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಶಹಾಬಾದಿನ ಗಣಿಯಲ್ಲಿ ಫರಸಿ ಎಬ್ಬಿಸುವವನದೂ ತಪಸ್ಸೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಎಲ್ಲವೂ ಕಾಯಕದಲ್ಲೇ ಇದ್ದರೆ ಪರ್ವತ ಬರೀ ಬಂಡೆ, ಹತ್ತಿದರೇನು, ಅದರ ಮೇಲೆ ಬಾವುಟ ನೆಟ್ಟರೇನು? ಆದರೆ ಈ ತರ್ಕ ನಿಲ್ಲದು. 1955ರಲ್ಲಿ ಕಾಂಚನಜುಂಗಾ ಏರಿದ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್, ತುದಿ ಮೆಟ್ಟುವುದಿಲ್ಲವೆಂದು ಸಿಕ್ಕಿಮ್ ದೊರೆಗೆ ಕೊಟ್ಟ ಮಾತಿನಂತೆ, ತುದಿಗೆ ಕೆಲವೇ ಅಡಿ ಇರುವಾಗ ನಿಂತರು. ಅವರು ಆ ಪರ್ವತವನ್ನು ಪೂಜಿಸುವವರೇನಲ್ಲ. ತುದಿ ಮೆಟ್ಟದಿದ್ದರೆ ತಮಗೇನೂ ಕಡಿಮೆಯಾಗದೆಂದು ಗೊತ್ತಿದ್ದವರು ಮಾತ್ರ ಹಾಗೆ ನಿಲ್ಲಬಲ್ಲರು. ಶರಣರ ನಿಲುವೂ ಕೈಲಾಸವನ್ನು ಅಲ್ಲಗಳೆಯುವುದಿಲ್ಲ. ನಮ್ಮ ಹಂಗಿನಿಂದ ಅದನ್ನು ಬಿಡಿಸುತ್ತದೆ. ನಮ್ಮ ಉದ್ಧಾರಕ್ಕೆ ಬೇಕೇಬೇಕು ಎಂದುಕೊಂಡಿದ್ದನ್ನು ನಾವು ಅದರ ಪಾಡಿಗೆ ಬಿಡುವವರಲ್ಲ, ಹೋಟೆಲು ಕಟ್ಟುತ್ತೇವೆ, ರಸ್ತೆ ಹಾಕುತ್ತೇವೆ.

ಕೈಲಾಸ-ಮಾನಸ ಸರೋವರದ ಯಾತ್ರಿಕರಿಗೆ ರಾಜ್ಯ ಸರ್ಕಾರ ಕೊಡುವ ಸಹಾಯಧನಕ್ಕೆ ನನ್ನ ತಕರಾರಿಲ್ಲ. ಹೋಗುವವರು ಸುಖವಾಗಿ ಹೋಗಿಬರಲಿ. ಆದರೆ ಹೋಗಿಬಂದವರು ಹೋಗದವರಿಗಿಂತ ಒಂದು ಮೆಟ್ಟಿಲು ಮೇಲೆ ಕೂರಲು ಶರಣರ ಧರ್ಮದಲ್ಲಿ ಜಾಗವಿಲ್ಲ.