ಬೇಡವೆನಿಸಿದ ಹಗ್ಗ



ಸಮುದ್ರದ ಮೇಲೆ ಹಡಗು ಚಲಿಸುವುದನ್ನು ಪವಿತ್ರ ಕುರ್‌ಆನ್ ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದಾಗಿ ಎಣಿಸಿದೆ. ಈ ದೃಷ್ಟಾಂತದಿಂದ ಪಾಠ ಕಲಿಯುವವರು ಸಹನಶೀಲರು ಮತ್ತು ಕೃತಜ್ಞರು ಎಂದು ಸೂರಃ ಲುಕ್ಮಾನ್‌ನ 31ನೇ ಸೂಕ್ತ ತಿಳಿಸುತ್ತದೆ. ದಡದಲ್ಲಿ ನಿಂತವನಿಗೆ ಹಡಗು ಒಂದು ನೋಟ ಮಾತ್ರ. ಅದರೊಳಗೆ ಕುಳಿತವನಿಗೆ ಮಾತ್ರ ಸಹನೆ ಎಂದರೇನು, ಕೃತಜ್ಞತೆ ಎಂದರೇನು ಎಂಬುದು ಅರಿವಾಗುತ್ತದೆ. ಅಂತಹ ಒಂದು ದೋಣಿಯ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ನಾರ್ವೆ ದೇಶದ ಥೋರ್ ಹೆಯರ್‌ಡಾಲ್ ಎಂಬ ಸಂಶೋಧಕರಿಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಪುರಾತನ ಈಜಿಪ್ಟಿನವರು ಬಳಸುತ್ತಿದ್ದ ಜೊಂಡಿನ ದೋಣಿಯಲ್ಲಿ ಅಟ್ಲಾಂಟಿಕ್ ಮಹಾಸಾಗರವನ್ನು ದಾಟಬಹುದೇ? ಉಪ್ಪುನೀರಿನಲ್ಲಿ ಜೊಂಡು ಬಹುಬೇಗ ಕೊಳೆತು ಮುಳುಗುವುದೆಂದು ಬಲ್ಲವರು ಎಚ್ಚರಿಸಿದರು. ಆದರೂ ಇಥಿಯೋಪಿಯಾದಿಂದ ಪಪೈರಸ್ ಜೊಂಡನ್ನು ತರಿಸಿ, ಪಿರಮಿಡ್ಡುಗಳ ಸಮೀಪದಲ್ಲೇ ದೋಣಿ ಕಟ್ಟಲಾಯಿತು. ಅದಕ್ಕೆ 'ರಾ' ಎಂದು ಹೆಸರಿಟ್ಟರು. ಅದು ಆ ಕಾಲದ ಈಜಿಪ್ಟಿನವರು ಪೂಜಿಸುತ್ತಿದ್ದ ಸೂರ್ಯದೇವನ ಹೆಸರು. ಹೆಸರು ನಮ್ಮ ವಿಷಯವಲ್ಲ, ದೋಣಿಗೆ ಏನಾಯಿತೆಂಬುದೇ ನಮ್ಮ ವಿಷಯ.

1969ರ ಮೇ 25ರಂದು ಮೊರಾಕ್ಕೊದ ಸಫಿ ಬಂದರಿನಿಂದ 'ರಾ' ಹೊರಟಿತು. ಅದರಲ್ಲಿದ್ದವರು ಏಳು ಜನ, ಏಳು ದೇಶದವರು. ಹಾಯಿ ನಡೆಸಿ ಪಳಗಿದವರು ಅವರಲ್ಲಿ ಅಮೆರಿಕದ ಒಬ್ಬರೇ. ರಷ್ಯದವರು ವೈದ್ಯರು, ಇಟಲಿಯವರು ಪರ್ವತಾರೋಹಿ, ಮೆಕ್ಸಿಕೋದವರು ಮಾನವಶಾಸ್ತ್ರಜ್ಞ. ಜೊಂಡಿನ ಕೆಲಸ ಬಲ್ಲ ಅಬ್ದುಲ್ಲಾ ಜಿಬ್ರೀನ್ ಚಾಡ್ ದೇಶದವರು. ಆ ದೇಶಕ್ಕೆ ಸಮುದ್ರ ತೀರವೇ ಇಲ್ಲ!

ಹೊರಟ ಸ್ವಲ್ಪದರಲ್ಲೇ ಚುಕ್ಕಾಣಿ ಹುಟ್ಟುಗಳು ಮುರಿದವು. ಆದರೂ ಗಾಳಿ ಮತ್ತು ಸಾಗರ ಪ್ರವಾಹ ಅವರನ್ನು ಮುಂದಕ್ಕೆ ಒಯ್ದವು. ಬಲ್ಲವರು ಹೇಳಿದಂತೆ ಜೊಂಡು ಕೊಳೆಯಲಿಲ್ಲ. ಆದರೆ ಯಾರೂ ನಿರೀಕ್ಷಿಸದ ಇನ್ನೊಂದು ಕೇಡು ಬಂತು. ದೋಣಿಯ ಹಿಂಭಾಗ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಕುಸಿಯತೊಡಗಿತು. ಅಲೆಗಳು ಹಿಂದಿನಿಂದ ಏರಿ ಬಂದವು. ಸುಮಾರು 5000 ಕಿಲೋಮೀಟರ್ ಸಾಗಿದ ಮೇಲೆ, ಗುರಿ ಇನ್ನೇನು ಕೆಲವೇ ದಿನಗಳ ದೂರದಲ್ಲಿದ್ದಾಗ, ಜುಲೈ ತಿಂಗಳಲ್ಲಿ ಅವರು ದೋಣಿಯನ್ನು ಬಿಟ್ಟು ಬೇರೆ ಹಡಗನ್ನು ಹತ್ತಬೇಕಾಯಿತು.

ಕಾರಣವೇನು? ಒಂದು ಹಗ್ಗ! ಈಜಿಪ್ಟಿನ ಹಳೆಯ ಚಿತ್ರಗಳಲ್ಲಿ ದೋಣಿಯ ಬಾಗಿದ ಹಿಂತುದಿಯಿಂದ ಕೆಳಗಿನ ಹಾಸಿಗೆ ಎಳೆದು ಕಟ್ಟಿದ ಒಂದು ಹಗ್ಗವಿದೆ. ಅದರ ಉಪಯೋಗ ತಿಳಿಯದೆ ಅದನ್ನು ಕಡೆಗಣಿಸಲಾಗಿತ್ತು. ಅಲೆಯೊಂದಿಗೆ ಬಾಗಿ ಮತ್ತೆ ಮೇಲೇಳುವ ಬಲವನ್ನು ಹಿಂಭಾಗಕ್ಕೆ ಕೊಡುತ್ತಿದ್ದುದು ಆ ಹಗ್ಗವೇ ಎಂಬುದು ಸಾಗರ ಮಧ್ಯದಲ್ಲಿ ತಿಳಿಯಿತು.

ಸಹೋದರರೇ, ಸಹೋದರಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಜೀವನದಲ್ಲಿಯೂ ಇಂತಹ ಹಗ್ಗಗಳಿವೆ. ಫಜ್ರ್ ನಮಾಝ್ ಒಂದು ಹಗ್ಗ. ದಿನಕ್ಕೊಂದು ಪುಟ ಕುರ್‌ಆನ್ ಓದುವ ಅಭ್ಯಾಸ ಒಂದು ಹಗ್ಗ. ತೂಕದಲ್ಲಿ, ಮಾತಿನಲ್ಲಿ ಪ್ರಾಮಾಣಿಕತೆ ಒಂದು ಹಗ್ಗ. ಬಂಧುಗಳ ಮನೆಗೆ ಹೋಗಿಬರುವುದು ಇನ್ನೊಂದು. "ಒಂದು ದಿನ ಬಿಟ್ಟರೆ ಏನಾಗುತ್ತದೆ?" ಎಂದು ಯುವಕರು ಕೇಳುತ್ತಾರೆ. ಆ ದಿನ ಕಣ್ಣಿಗೆ ಕಾಣುವಂತಹದ್ದು ಏನೂ ಆಗುವುದಿಲ್ಲ. ಸಂಬಳ ನಿಲ್ಲುವುದಿಲ್ಲ, ಅಂಗಡಿ ಮುಚ್ಚುವುದಿಲ್ಲ. ಅಪಾಯ ಇರುವುದು ಇಲ್ಲಿಯೇ. 'ರಾ' ದೋಣಿಯೂ ಮೊದಲ ದಿನವೇ ಮುಳುಗಲಿಲ್ಲ. ಹಗ್ಗವಿಲ್ಲದೆ ವಾರಗಟ್ಟಲೆ ತೇಲಿತು, ಸಾವಿರಾರು ಕಿಲೋಮೀಟರ್ ಸಾಗಿತು. ಅದು ತೇಲುತ್ತಿತ್ತು ಎಂಬುದು ಅದು ಸುಭದ್ರವಾಗಿತ್ತು ಎಂಬುದಕ್ಕೆ ಪುರಾವೆಯಾಗಿರಲಿಲ್ಲ. ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದು ಸುಮ್ಮನೆ ಅಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಸೋತು ಬಂದ ಏಳು ಜನರಲ್ಲಿ ಆರು ಮಂದಿ ಮರುವರ್ಷವೇ ಮತ್ತೆ ಹೊರಟರು. ಹೊಸಬರಾಗಿ ಜಪಾನಿನ ಒಬ್ಬರೂ ಮೊರಾಕ್ಕೊದ ಮದನಿ ಎಂಬವರೂ ಸೇರಿಕೊಂಡರು. ಈ ಬಾರಿ ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರದ ಕುಶಲಿಗಳನ್ನು ಕರೆಸಿ 'ರಾ-2' ದೋಣಿಯನ್ನು ಕಟ್ಟಿಸಲಾಯಿತು. ಕಳೆದ ಬಾರಿಯ ಲೋಪವನ್ನು ಸರಿಪಡಿಸಲಾಯಿತು. 1970ರ ಮೇ 17ರಂದು ಅದೇ ಸಫಿ ಬಂದರಿನಿಂದ ಹೊರಟು, 57 ದಿನಗಳಲ್ಲಿ ಸುಮಾರು 6100 ಕಿಲೋಮೀಟರ್ ಕ್ರಮಿಸಿ, ಜುಲೈ 12ರಂದು ಬಾರ್ಬಡೋಸ್ ದ್ವೀಪವನ್ನು ತಲುಪಿದರು. ಈಜಿಪ್ಟಿನವರು ಅಮೆರಿಕಕ್ಕೆ ಹೋಗಿದ್ದರೆಂದು ಇದರಿಂದ ಸಾಬೀತಾಗುವುದಿಲ್ಲ. ಜೊಂಡಿನ ದೋಣಿ ಸಾಗರ ದಾಟಬಲ್ಲದು ಎಂಬುದಷ್ಟೇ ಸಾಬೀತಾಯಿತು.

ತೌಬಾ ಎಂದರೇನೆಂದು ಇದರಿಂದ ಅರ್ಥ ಮಾಡಿಕೊಳ್ಳಬಹುದು. ಬರಿದೇ ಕಣ್ಣೀರಿಡುವುದು ತೌಬಾ ಅಲ್ಲ. ಯಾವ ಹಗ್ಗ ತಪ್ಪಿತ್ತೆಂದು ಹುಡುಕಬೇಕು, ಅದನ್ನು ಮತ್ತೆ ಕಟ್ಟಬೇಕು, ಅದೇ ಬಂದರಿನಿಂದ ಮತ್ತೆ ಹೊರಡಬೇಕು. ಒಮ್ಮೆ ಸೋತೆನೆಂದು ದಡದಲ್ಲೇ ಕುಳಿತವನು ಅಲ್ಲಾಹನ ಕರುಣೆಯ ಬಗ್ಗೆ ನಿರಾಶನಾದವನು. ಅಂತಹ ನಿರಾಶೆಯನ್ನು ಕುರ್‌ಆನ್ ನಿಷೇಧಿಸಿದೆ.

ಇನ್ನೊಂದು ವಿಷಯ. ಅಮೆರಿಕ ಮತ್ತು ರಷ್ಯ ಪರಸ್ಪರ ಶತ್ರುಗಳಂತಿದ್ದ ಕಾಲವದು. ಆ ಎರಡೂ ದೇಶದವರು ಒಂದೇ ಪುಟ್ಟ ಗುಡಿಸಲಿನಲ್ಲಿ ಮಲಗಿದರು. ಭಾಷೆ ಬೇರೆ, ಧರ್ಮ ಬೇರೆ, ಆದರೆ ಕಾಲಡಿಯ ಜೊಂಡು ಒಂದೇ. ಹಡಗಿನ ಕೆಳಗಿನ ಅಂತಸ್ತಿನವರು ನೀರಿಗಾಗಿ ತಮ್ಮ ಪಾಲಿನಲ್ಲಿ ರಂಧ್ರ ಕೊರೆಯಹೊರಟರೆ, ಮೇಲಿನವರು ತಡೆಯದಿದ್ದಲ್ಲಿ ಎಲ್ಲರೂ ಮುಳುಗುವರೆಂಬ ಪ್ರವಾದಿ ವಚನವನ್ನು ಇಮಾಮ್ ಬುಖಾರಿ ವರದಿ ಮಾಡಿದ್ದಾರೆ. ಅಲ್ಲಾಹನ ಹಗ್ಗವನ್ನು ಎಲ್ಲರೂ ಒಟ್ಟಾಗಿ ಹಿಡಿಯಿರೆಂಬ ಆದೇಶ ಸೂರಃ ಆಲಿ ಇಮ್ರಾನ್‌ನ 103ನೇ ಸೂಕ್ತದಲ್ಲಿದೆ. ಒಟ್ಟಾಗಿ ಎಂಬ ಮಾತನ್ನು ಗಮನಿಸಿರಿ. ಒಂದೇ ಸಾಲಿನಲ್ಲಿ ನಮಾಝ್‌ಗೆ ನಿಲ್ಲುವ ಅಣ್ಣತಮ್ಮಂದಿರು ನಾಲ್ಕು ಸೆಂಟ್ಸ್ ಜಾಗಕ್ಕಾಗಿ ವರ್ಷಗಟ್ಟಲೆ ಸಲಾಮ್ ಹೇಳದೆ ಇರುವುದಾದರೆ, ಹಗ್ಗ ಯಾರ ಕೈಯಲ್ಲಿದೆ?

ಅಲೆಗಳು ಕವಿದಾಗ ಜನರು ನಿಷ್ಕಳಂಕ ಮನಸ್ಸಿನಿಂದ ಅಲ್ಲಾಹನನ್ನು ಕರೆಯುತ್ತಾರೆ, ದಡ ಸೇರಿದ ಮೇಲೆ ಅನೇಕರು ಮರೆಯುತ್ತಾರೆ ಎಂದು ಕುರ್‌ಆನ್ ಎಚ್ಚರಿಸುತ್ತದೆ. ಆಸ್ಪತ್ರೆಯ ವರಾಂಡದಲ್ಲಿ ಮಾಡಿದ ಪ್ರಾರ್ಥನೆ ಮನೆಗೆ ಬಂದ ಮೇಲೆ ನೆನಪಿದೆಯೇ? ಸಾಲ ತೀರಿದ ಮೇಲೆ ಆ ಸುಜೂದ್ ಉಳಿದಿದೆಯೇ?

ಈ ಬದುಕೆಂಬ ಸಾಗರಕ್ಕೆ ನಾವೆಲ್ಲರೂ ಹೊಸಬರೇ. ಇದನ್ನು ಒಮ್ಮೆ ದಾಟಿ ಅನುಭವ ಪಡೆದು ಮರಳಿ ಬಂದವರು ಯಾರೂ ಇಲ್ಲ. ಆದ್ದರಿಂದ ಇಂದು ಇಶಾ ನಮಾಝ್‌ನ ಬಳಿಕ ನಿಮ್ಮ ದೋಣಿಯನ್ನು ಒಮ್ಮೆ ಸುತ್ತಿ ನೋಡಿರಿ. ಯಾವ ಹಗ್ಗ ಸಡಿಲವಾಗಿದೆ? ಗಾಳಿ ಶಾಂತವಾಗಿರುವಾಗಲೇ ಅದನ್ನು ಬಿಗಿಯಿರಿ.

ಅಲ್ಲಾಹನು ನಮ್ಮನ್ನು ತನ್ನ ಹಗ್ಗವನ್ನು ಬಿಗಿಯಾಗಿ ಹಿಡಿದವರಲ್ಲಿ ಸೇರಿಸಲಿ, ನಮ್ಮ ಯಾತ್ರೆಯನ್ನು ಸುರಕ್ಷಿತವಾಗಿ ದಡ ಸೇರಿಸಲಿ. ಆಮೀನ್.