ಆಜ್ಞೆ ಕೊಡುವವನ ಅರ್ಜಿ

ಕಳೆದ ವರ್ಷ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಭದ್ರಾವತಿಯ ಹುಡುಗ. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಸಹಾಯಕ ಕಮಾಂಡೆಂಟ್ ಹುದ್ದೆಗೆ ಅರ್ಜಿ ಹಾಕಬೇಕೆಂಬುದು ಅವನ ಆಸೆ. 2021ರ ಜನವರಿಯಲ್ಲಿ ಅವನ ಊರಿನಲ್ಲೇ ಕ್ಷಿಪ್ರ ಕಾರ್ಯಾಚರಣೆ ಪಡೆಯ 97ನೇ ಬೆಟಾಲಿಯನ್‌ನ ಕೇಂದ್ರಕ್ಕೆ ಶಂಕುಸ್ಥಾಪನೆಯಾಗಿತ್ತು. ನೀಲಿ ಸಮವಸ್ತ್ರದ ಆ ಜವಾನರು ಪಥಸಂಚಲನ ಮಾಡುವುದನ್ನು ನೋಡಿದ ಮೇಲೆ ಆಸೆ ಇನ್ನಷ್ಟು ಬಲಿತಿತ್ತು.

‘ಅಮ್ಮಿ ಬೇಡ ಅಂತಿದ್ದಾರೆ ಸರ್. ನೀವೇನು ಹೇಳ್ತೀರಿ?’ ಎಂದ.

ಮೇಷ್ಟ್ರಾಗಿದ್ದವರಿಗೆ ಇಂಥ ಪ್ರಶ್ನೆಗಳು ಹೊಸತಲ್ಲ. ಸರಕಾರಿ ನೌಕರಿ, ಅದರಲ್ಲೂ ಅಧಿಕಾರಿ ಹುದ್ದೆ. ಹಾಕು ಎಂದು ಬೆನ್ನು ತಟ್ಟಿ ಕಳುಹಿಸಬಹುದಿತ್ತು. ಆದರೆ ಅಮ್ಮಿ ಯಾಕೆ ಬೇಡ ಎನ್ನುತ್ತಾರೆ ಎಂದು ಕೇಳಿದೆ. ಅವನು ಎರಡು ಕಾರಣ ಹೇಳಿದ. ಒಂದು, ಜೀವಭಯ. 2010ರ ಏಪ್ರಿಲ್‌ನಲ್ಲಿ ದಂತೇವಾಡದಲ್ಲಿ 76 ಮಂದಿ ಸತ್ತದ್ದು, 2019ರ ಫೆಬ್ರವರಿಯಲ್ಲಿ ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಜವಾನರು ಸತ್ತದ್ದು ಯಾವ ತಾಯಿಗೆ ಮರೆತೀತು? ಪುಲ್ವಾಮಾದಲ್ಲಿ ಮಡಿದವರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಗುಡಿಗೆರೆಯ ಯೋಧನೂ ಇದ್ದ. ಇನ್ನೊಂದು ಕಾರಣ ಹೇಳುವಾಗ ಹುಡುಗ ತಲೆ ತಗ್ಗಿಸಿದ. ‘ನಾಳೆ ನಮ್ಮವರ ಮೇಲೇ ಗುಂಡು ಹಾರಿಸು ಅಂದ್ರೆ ಏನು ಮಾಡ್ತೀಯ ಅಂತ ಕೇಳ್ತಾರೆ ಸರ್.’

‘ಬೇರೆಯವರ ಮೇಲೆ ಹಾರಿಸು ಅಂದ್ರೆ ಏನು ಮಾಡ್ತೀಯ?’ ಎಂದು ನಾನು ಕೇಳಿದೆ. ಅವನು ಸುಮ್ಮನಾದ.

ಆ ಮೌನವೇ ಈ ಬರಹಕ್ಕೆ ಕಾರಣ. ‘ನಮ್ಮವರ ಮೇಲೆ’ ಎಂಬ ಪ್ರಶ್ನೆ ತಾಯಿಯ ಬಾಯಲ್ಲಿ ಸಹಜ. ಅದರ ಹಿಂದೆ ನೋವಿನ ನೆನಪುಗಳಿವೆ. ಆದರೆ ಸಮವಸ್ತ್ರ ತೊಡಬೇಕೆಂದಿರುವವನಿಗೆ ಆ ಪ್ರಶ್ನೆ ಸಾಲದು. ಯಾರ ಮೇಲೆ ಹಾರಿಸಬೇಕಾದರೂ ಎದೆ ನಡುಗದವನಿಗೆ, ತನ್ನವರ ಎದುರು ಮಾತ್ರ ನಡುಗಿದರೆ, ಅದನ್ನು ಆತ್ಮಸಾಕ್ಷಿ ಎನ್ನಲಾಗದು. ಅದು ಬರೀ ಸಂಬಂಧ.

ಈ ಹುದ್ದೆಯ ಅರ್ಜಿ ಏನು ಕೇಳುತ್ತದೆ? ಈವರೆಗಿನ ಪದ್ಧತಿಯಂತೆ 20ರಿಂದ 25ರೊಳಗಿನ ವಯಸ್ಸು, ಯಾವುದಾದರೂ ಪದವಿ. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಎರಡು ಪತ್ರಿಕೆಗಳು: ಒಂದಕ್ಕೆ 250 ಅಂಕ, ಇನ್ನೊಂದಕ್ಕೆ 200. ಬಳಿಕ ದೈಹಿಕ ಪರೀಕ್ಷೆ. ಗಂಡಸರು 100 ಮೀಟರನ್ನು 16 ಸೆಕೆಂಡಿನಲ್ಲಿ, 800 ಮೀಟರನ್ನು ಮೂರು ಮುಕ್ಕಾಲು ನಿಮಿಷದಲ್ಲಿ ಓಡಬೇಕು. ಮೂರೂವರೆ ಮೀಟರ್ ಉದ್ದ ಜಿಗಿಯಬೇಕು, ಗುಂಡು ಎಸೆಯಬೇಕು. ಕೊನೆಗೆ 150 ಅಂಕದ ಸಂದರ್ಶನ. ಓಟ, ಜಿಗಿತ, ಎತ್ತರ, ಎದೆಯಳತೆ ಎಲ್ಲಕ್ಕೂ ಅಳತೆಗೋಲಿದೆ. ಕೈ ತಡೆಯಬೇಕಾದಲ್ಲಿ ತಡೆಯುವ ಶಕ್ತಿಗೆ ಮಾತ್ರ ಅಳತೆಗೋಲಿಲ್ಲ. ಅದನ್ನು ಅರ್ಜಿದಾರನೇ ತನ್ನೊಳಗೆ ಅಳೆದುಕೊಳ್ಳಬೇಕು.

ಅಧಿಕಾರಿಯ ಹುದ್ದೆಗೂ ಜವಾನನ ಹುದ್ದೆಗೂ ಇರುವ ವ್ಯತ್ಯಾಸ ಸಂಬಳದ್ದಷ್ಟೇ ಅಲ್ಲ. ಸಹಾಯಕ ಕಮಾಂಡೆಂಟ್ ಎಂದರೆ ಸಾಮಾನ್ಯವಾಗಿ ನೂರಕ್ಕೂ ಮಿಕ್ಕ ಜವಾನರ ಕಂಪನಿಯನ್ನು ನಡೆಸುವವನು. ಅವನ ಕೈಯಲ್ಲಿ ಇರುವುದು ಒಂದೇ ಬಂದೂಕು. ಅವನ ನಾಲಗೆಯ ತುದಿಯಲ್ಲಿ ನೂರು ಬಂದೂಕುಗಳು. ಅವನು ‘ಹಾರಿಸು’ ಎಂದರೆ ಹಾರುತ್ತವೆ, ‘ತಡೆ’ ಎಂದರೆ ನಿಲ್ಲುತ್ತವೆ. ಹಾಗಾಗಿ ಆ ಅರ್ಜಿಗೆ ಸಹಿ ಹಾಕುವವನು ಬೇರೆಯವರು ಹಾರಿಸಿದ ಗುಂಡಿಗೂ ತಾನು ಉತ್ತರ ಕೊಡುತ್ತೇನೆ ಎಂದು ಸಹಿ ಹಾಕುತ್ತಿದ್ದಾನೆ.

‘ಆಜ್ಞೆ ಬಂದರೆ ಪಾಲಿಸಲೇಬೇಕಲ್ಲವೇ?’ ಎಂದು ಹಲವರು ಕೇಳುತ್ತಾರೆ. ಕಾನೂನು ಹೇಳುವುದನ್ನು ನಿಧಾನವಾಗಿ ಓದಿ ನೋಡಬೇಕು. ಮೇಲಧಿಕಾರಿಯ ಆಜ್ಞೆಯಂತೆ ಗುಂಪಿನ ಮೇಲೆ ಗುಂಡು ಹಾರಿಸಿದ ಸೈನಿಕನದು ಅಪರಾಧವಲ್ಲ ಎಂಬ ಉದಾಹರಣೆ ಭಾರತೀಯ ದಂಡ ಸಂಹಿತೆಯ 76ನೇ ಕಲಮಿನಲ್ಲಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಅದು ಉಳಿದಿದೆ. ಆದರೆ ಆ ಉದಾಹರಣೆಗೆ ಒಂದು ಷರತ್ತಿದೆ: ಆ ಕೃತ್ಯ ಕಾನೂನಿನ ಆದೇಶಕ್ಕೆ ಅನುಗುಣವಾಗಿರಬೇಕು. 1968ರ ಗಡಿ ಭದ್ರತಾ ಪಡೆ ಕಾಯ್ದೆಯೂ ಶಿಕ್ಷೆ ಹೇಳುವುದು ‘ಕಾನೂನುಬದ್ಧ’ ಆಜ್ಞೆಯನ್ನು ಮೀರಿದವನಿಗೆ. ಅಕ್ರಮ ಕೂಟವನ್ನು ಚದುರಿಸಲು ಸೇನೆಯನ್ನು ಕರೆಸಿದಾಗಲೂ ಆದಷ್ಟು ಕಡಿಮೆ ಬಲ, ಆದಷ್ಟು ಕಡಿಮೆ ಹಾನಿ ಎಂಬುದೇ ನಿಯಮ. 2011ರಲ್ಲಿ ಮುಂಬೈಯ ನಕಲಿ ಎನ್‌ಕೌಂಟರ್ ಆರೋಪದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ನ್ಯೂರೆಂಬರ್ಗ್ ವಿಚಾರಣೆಯನ್ನು ನೆನಪಿಸಿ, ಮೇಲಿನವರ ಆಜ್ಞೆಯಿತ್ತು ಎಂಬ ಮಾತು ಕೊಲೆಗೆ ಸಮರ್ಥನೆಯಾಗದು ಎಂದು ಎಚ್ಚರಿಸಿತು. ಅಂದರೆ ‘ಆಜ್ಞೆ’ ಎಂಬ ಪದದ ಮುಂದೆ ಕಾನೂನು ಒಂದು ಬಾಗಿಲನ್ನು ಇಟ್ಟಿದೆ. ಆ ಬಾಗಿಲಲ್ಲಿ ನಿಲ್ಲಬೇಕಾದವನು ಅಧಿಕಾರಿ.

ಇದು ಕಾನೂನು ಪುಸ್ತಕದ ಮಾತಷ್ಟೇ ಅಲ್ಲ. ಪ್ರವಾದಿಯವರ ಕಾಲದ ಒಂದು ಪ್ರಸಂಗ ಹದೀಸ್‌ಗಳಲ್ಲಿ ಬರುತ್ತದೆ. ಒಂದು ತುಕಡಿಯ ನಾಯಕ ಸಿಟ್ಟಿನಲ್ಲಿ ಸೌದೆ ಒಟ್ಟಿಸಿ ಬೆಂಕಿ ಹೊತ್ತಿಸಿ, ತನ್ನ ಜನರಿಗೆ ಅದರೊಳಗೆ ಹೋಗಿರೆಂದು ಆಜ್ಞಾಪಿಸಿದ. ಅವರು ಹಿಂಜರಿದರು, ಅಷ್ಟರಲ್ಲಿ ಅವನ ಸಿಟ್ಟೂ ಇಳಿಯಿತು. ಸುದ್ದಿ ಕೇಳಿದ ಪ್ರವಾದಿಯವರು ಹಿಂಜರಿದವರನ್ನು ಗದರಲಿಲ್ಲ. ವಿಧೇಯತೆ ಇರುವುದು ಒಳಿತಿನಲ್ಲಿ ಮಾತ್ರ ಎಂದರು. ನಮ್ಮ ಮಹಾಭಾರತದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ತುಂಬಿದ ಸಭೆಗೆ ದ್ರೌಪದಿಯನ್ನು ಎಳೆದು ತಂದಾಗ ಭೀಷ್ಮನಂಥ ಭೀಷ್ಮನೂ ಅದನ್ನು ತಡೆಯಲಿಲ್ಲ. ಅನ್ನದ ಋಣ ಅವನನ್ನು ಕಟ್ಟಿಹಾಕಿತ್ತು ಎಂದು ನಮ್ಮ ಜನ ಇಂದಿಗೂ ಹೇಳುತ್ತಾರೆ. ಉಂಡ ಮನೆಗೆ ಎರಡು ಬಗೆಯಬಾರದು, ನಿಜ. ಆದರೆ ಪೊಲೀಸ್ ಅಧಿಕಾರಿ ಉಣ್ಣುವುದು ಯಾರ ಅನ್ನ? ಮಂತ್ರಿಯದಲ್ಲ, ಮೇಲಧಿಕಾರಿಯದೂ ಅಲ್ಲ. ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ಕಟ್ಟುವ ಜನರದು. ಅವನ ಎದುರಿಗೆ ಕಲ್ಲು ಹಿಡಿದು ನಿಂತವನೂ, ಹೆದರಿ ಬಾಗಿಲು ಹಾಕಿಕೊಂಡವನೂ ಆ ಜನರಲ್ಲೇ ಸೇರಿದವರು. ಋಣ ಇರುವುದು ಅವರಿಗೆ.

1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾಖ್ವಾನಿ ಬಜಾರಿನಲ್ಲಿ ನಿರಾಯುಧ ಪಠಾಣರ ಮೇಲೆ ಗುಂಡು ಹಾರಿಸಲು ರಾಯಲ್ ಗಢವಾಲ್ ರೈಫಲ್ಸ್‌ನ ತುಕಡಿಯೊಂದು ನಿರಾಕರಿಸಿತು. ಮುಂದೆ ನಿಂತವನು ಹವಿಲ್ದಾರ್ ಚಂದ್ರಸಿಂಗ್ ಗಢವಾಲಿ. ಎದುರಿಗಿದ್ದವರು ಅವನ ಧರ್ಮದವರಲ್ಲ, ಊರಿನವರಲ್ಲ, ಭಾಷೆಯವರಲ್ಲ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು, ಹೊರಬಂದದ್ದು 1941ರಲ್ಲಿ. ಅಚ್ಚರಿಯೆಂದರೆ, 1932ರಲ್ಲಿ ಪ್ರಕಟವಾದ ಒಂದು ಸಂದರ್ಶನದಲ್ಲಿ ಗಾಂಧೀಜಿಯೇ ಈ ಅವಿಧೇಯತೆಯನ್ನು ಒಪ್ಪಲಿಲ್ಲ. ಪ್ರಮಾಣ ಮಾಡಿ ಸೇರಿದ ಸೈನಿಕ ಆಜ್ಞೆ ಮೀರಿದರೆ ಪ್ರಮಾಣ ಮುರಿದಂತೆ ಎಂಬುದು ಅವರ ವಾದವಾಗಿತ್ತು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ರತಿಯೊಬ್ಬ ಬಂದೂಕುಧಾರಿಯೂ ತನಗೆ ತೋಚಿದಂತೆ ಆಜ್ಞೆಯನ್ನು ತೂಗತೊಡಗಿದರೆ, ಗಲಭೆಯ ರಾತ್ರಿಯಲ್ಲಿ ದುರ್ಬಲರ ಓಣಿಯನ್ನು ಕಾಯುವವರಾರು? ‘ಈ ಓಣಿಯವರನ್ನು ನಾನು ಕಾಯಲಾರೆ’ ಎನ್ನುವುದೂ ಅವಿಧೇಯತೆಯೇ.

ನನಗನಿಸುವುದು ಇಷ್ಟು. ಗಢವಾಲಿ ಪ್ರಮಾಣ ಮಾಡಿದ್ದು ಪರಕೀಯ ದೊರೆಗೆ. ನಮ್ಮ ಹುಡುಗ ಪ್ರಮಾಣ ಮಾಡುವುದು ಸಂವಿಧಾನಕ್ಕೆ. ಅನ್ಯಾಯದ ಆಜ್ಞೆಗೆ ಇಲ್ಲವೆಂದರೆ ಅವನ ಪ್ರಮಾಣ ಮುರಿಯುವುದಿಲ್ಲ, ಉಳಿಯುತ್ತದೆ. ಆದರೆ ಆ ‘ಇಲ್ಲ’ಕ್ಕೆ ಆಧಾರ ಕಾನೂನಾಗಿರಬೇಕು, ಒಲವು ಆಗಿರಬಾರದು.

ಇಷ್ಟು ಹೇಳಿದ ಮೇಲೆ ಹಾಶಿಂಪುರವನ್ನು ನೆನೆಯದಿರಲಾಗದು. 1987ರ ಮೇ 22ರಂದು ಮೀರತ್‌ನ ಆ ಮೊಹಲ್ಲಾದಿಂದ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆಯಾದ ಪಿಎಸಿಯ ಸಿಬ್ಬಂದಿ ನಲವತ್ತಕ್ಕೂ ಹೆಚ್ಚು ಮುಸ್ಲಿಮರನ್ನು ಟ್ರಕ್ಕಿನಲ್ಲಿ ತುಂಬಿಕೊಂಡು ಹೋಗಿ, ಕಾಲುವೆಯ ದಡದಲ್ಲಿ, ಹಿಂಡನ್ ನದಿಯ ಬಳಿಯಲ್ಲಿ ಗುಂಡಿಕ್ಕಿ ನೀರಿಗೆಸೆದರು. 2015ರಲ್ಲಿ ಕೆಳ ನ್ಯಾಯಾಲಯ ಎಲ್ಲ ಆರೋಪಿಗಳನ್ನು ಬಿಟ್ಟಿತು. 2018ರ ಅಕ್ಟೋಬರ್‌ನಲ್ಲಿ ದಿಲ್ಲಿ ಹೈಕೋರ್ಟು 16 ಮಂದಿಗೆ ಜೀವಾವಧಿ ವಿಧಿಸಿತು. ಮೂವತ್ತೊಂದು ವರ್ಷ! ಆದರೂ ಆ ದಾರಿ ಮುಚ್ಚಿಹೋಗದಿರಲು ಒಂದು ಕಾರಣವಿದೆ. ಆಗ ಗಾಝಿಯಾಬಾದಿನ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದ ವಿಭೂತಿ ನಾರಾಯಣ ರಾಯ್ ವಿಷಯ ತಿಳಿದೊಡನೆ ಸ್ಥಳಕ್ಕೆ ಧಾವಿಸಿದರು, ಸಮವಸ್ತ್ರ ತೊಟ್ಟವರ ವಿರುದ್ಧವೇ ಮೊಕದ್ದಮೆ ದಾಖಲಾಯಿತು. ಸತ್ತವರು ‘ನಮ್ಮವರೇ’ ಎಂದು ಅವರು ಕೇಳಲಿಲ್ಲ.

2006ರ ಸಾಚಾರ್ ಸಮಿತಿಯ ವರದಿಯಂತೆ ಭದ್ರತಾ ಪಡೆಗಳಲ್ಲಿ ಮುಸ್ಲಿಮರ ಪಾಲು ಶೇಕಡ 3.2. 2001ರ ಜನಗಣತಿಯಲ್ಲಿ ಜನಸಂಖ್ಯೆಯ ಪಾಲು ಶೇಕಡ 13.4. ಈ ಅಂತರ ತುಂಬಬೇಕು, ಅದರಲ್ಲಿ ಎರಡು ಮಾತಿಲ್ಲ. ಎಲ್ಲ ಬಗೆಯ ಮನೆಗಳಿಂದ ಬಂದವರಿರುವ ಪಡೆಗೆ ಎಲ್ಲ ಓಣಿಗಳೂ ಮನುಷ್ಯರಿರುವ ಓಣಿಗಳಾಗಿ ಕಾಣುವ ಸಾಧ್ಯತೆ ಹೆಚ್ಚು. ನಮ್ಮ ನಾಡಿನಲ್ಲೂ, 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ಗುಂಪಿನ ಗುಂಡಿಗೆ ಎಸ್ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಒಟ್ಟಿಗೇ ಬಿದ್ದರು. ಆದರೆ ಸಂಖ್ಯೆಯೊಂದೇ ನ್ಯಾಯ ತರುವುದಿಲ್ಲ. ‘ನಮ್ಮವನೊಬ್ಬ ಅಲ್ಲಿರಲಿ’ ಎಂದು ಕಳುಹಿಸಿದರೆ, ಇನ್ನೊಬ್ಬರೂ ‘ನಮ್ಮವನೊಬ್ಬ ಅಲ್ಲಿರಲಿ’ ಎಂದೇ ಕಳುಹಿಸುತ್ತಾರೆ. ಆಗ ಪಡೆಯೆಂಬುದು ಬಂದೂಕು ಹಿಡಿದ ಜಾತಿಸಭೆಯಾದೀತು. ನಾವು ಕಳುಹಿಸಬೇಕಾದದ್ದು ಎಲ್ಲರವನಾಗಬಲ್ಲ ನಮ್ಮ ಮಗನನ್ನು.

ಹುಡುಗನಿಗೆ ಒಂದು ಕೆಲಸ ಹೇಳಿದೆ. ‘ಪರೀಕ್ಷೆಯಲ್ಲಿ ಪ್ರಬಂಧವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಯಬೇಕು. ಅದಕ್ಕೆ ಮೊದಲು ಕನ್ನಡದಲ್ಲಿ ಎರಡು ಪುಟ ಬರೆ. ಯಾವ ಆಜ್ಞೆಯನ್ನು ನೀನು ಕೊಡುವುದಿಲ್ಲ, ಯಾವುದನ್ನು ಪಾಲಿಸುವುದಿಲ್ಲ ಎಂದು. ಬೀದಿಯಲ್ಲಿ ಕಲ್ಲು ಬೀಳುವಾಗ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಈಗ ಇದೆ.’

ಎರಡು ವಾರದ ನಂತರ ಅವನು ತಾಯಿಯನ್ನೂ ಕರೆದುಕೊಂಡು ಬಂದ. ಆ ಎರಡು ಪುಟಗಳನ್ನು ಅವರು ಓದಿದ್ದರು. ಕುರ್ಚಿಯ ಅಂಚಿನಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದರು: ‘ಇವನು ಆಗಲ್ಲ ಅಂದ್ರೆ ಇವನನ್ನ ಸುಮ್ಮನೆ ಬಿಡ್ತಾರಾ ಸರ್?’

ಬಿಡುತ್ತಾರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಗಢವಾಲಿಯ ಸೆರೆವಾಸ ಕಣ್ಣ ಮುಂದಿತ್ತು. ವರ್ಗಾವಣೆ, ವಿಚಾರಣೆ, ತಡೆಹಿಡಿದ ಬಡ್ತಿ, ಸಹೋದ್ಯೋಗಿಗಳ ಮುನಿಸು ಎಲ್ಲವೂ ಬರಬಹುದು. ‘ಬಿಡದೇ ಇರಬಹುದು ಅಮ್ಮಾ’ ಎಂದೆ.

ಅವರು ಸ್ವಲ್ಪ ಹೊತ್ತು ಮಗನ ಮುಖ ನೋಡಿದರು. ‘ಹಾಗಾದ್ರೆ ಅದನ್ನೂ ತಿಳ್ಕೊಂಡೇ ಹೋಗಲಿ’ ಎಂದರು.

ಅರ್ಜಿಯ ಶುಲ್ಕ ಇನ್ನೂರು ರೂಪಾಯಿ. ಹುದ್ದೆಯ ನಿಜವಾದ ಬೆಲೆ ಎಷ್ಟೆಂದು ಆ ತಾಯಿ ನಮ್ಮಿಬ್ಬರಿಗಿಂತ ಚೆನ್ನಾಗಿ ತಿಳಿದಿದ್ದರು. ಆ ಬೆಲೆಯನ್ನು ತಿಳಿದೂ ಹೋಗುವವರು ಬೇಕಾಗಿದ್ದಾರೆ. ಬೆಲೆಯೇ ಇಲ್ಲ ಎಂದುಕೊಂಡು ಹೋಗುವವರ ಕೈಗೆ ನೂರು ಬಂದೂಕುಗಳನ್ನು ಒಪ್ಪಿಸಿ ನಾವು ನೆಮ್ಮದಿಯಿಂದ ಮಲಗಲಾರೆವು.