ಚಿತ್ರವಿಲ್ಲದ ಗೋಡೆ, ನೂಲುವ ಕೈ

ಗದ್ವಾಲಕ್ಕೂ ರಾಯಚೂರಿಗೂ ನಡುವಿನ ಕೆ.ಟಿ. ದೊಡ್ಡಿ ಗಡಿಸೀಮೆಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಈ ಭಾಗದ ಹಳೆಯ ಕ್ರೈಸ್ತ ಸಭೆಗಳ ಮೇಲೆ ಮೆನ್ನೊನೈಟ್ ಬ್ರದರನ್ ಮಿಷನ್ನಿನ ಅಚ್ಚು ಬಿದ್ದಿದೆ. 1930ರ ದಶಕದಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟರಿಂದ ಗದ್ವಾಲದ ಕೆಲಸವನ್ನು ವಹಿಸಿಕೊಂಡವರು ಅವರು. ಅವರ ಬೇರು 1525ರ ಜ್ಯೂರಿಕ್‌ನಲ್ಲಿದೆ. ಅದರ ಹಿಂದಿನ ವರ್ಷವಷ್ಟೇ ಆ ಊರಿನ ಚರ್ಚುಗಳಿಂದ ಚಿತ್ರ, ಮೂರ್ತಿಗಳನ್ನೆಲ್ಲ ಹೊರಗೆ ಹಾಕಿದ್ದರು. ಆ ಪರಂಪರೆ ಇಲ್ಲಿಗೆ ತಂದದ್ದು ಸುಣ್ಣ ಬಳಿದ ಗೋಡೆ, ಒಂದು ಶಿಲುಬೆ, ತೆರೆದಿಟ್ಟ ಸತ್ಯವೇದ.

ಹೀಗೆ ಕಟ್ಟಿಕೊಂಡ ಸಭೆಯ ಬದುಕಿನಲ್ಲಿ ಚಿತ್ರಕಲೆಗೆ ಏನು ಕೆಲಸ? ಏನೂ ಇಲ್ಲ ಎನ್ನುವವರ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಈ ಸಭೆಗಳಿಗೆ ಬಂದವರಲ್ಲಿ ಹೆಚ್ಚಿನವರು ದಲಿತರು. ಊರಿನ ಗುಡಿಯ ಮೂರ್ತಿ ಅವರಿಗೆ ಕಾಣುತ್ತಿದ್ದದ್ದು ದೂರದಿಂದ. ಕಂಡರೆ ಅದೇ ಹೆಚ್ಚು. ವಿಗ್ರಹ ಇದ್ದಲ್ಲಿ ಅದನ್ನು ಕಾಯುವ ಕೈ ಇರುತ್ತದೆ, ಹೊಸ್ತಿಲೂ ಇರುತ್ತದೆ. ಬರಿಗೋಡೆಗೆ ಹೊಸ್ತಿಲಿಲ್ಲ. ಸ್ಥಾವರ–ಜಂಗಮದ ಚರ್ಚೆಯನ್ನು ಹನ್ನೆರಡನೆಯ ಶತಮಾನದಲ್ಲೇ ನಡೆಸಿದ ನಾಡಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಆ ಗೋಡೆಯನ್ನು ರಸಹೀನ ಎಂದು ಮೂಗು ಮುರಿಯುವುದು ಹೊಟ್ಟೆ ತುಂಬಿದವರ ಮಾತು.

ಆದರೂ ನನ್ನ ಒಪ್ಪಿಗೆ ಅಲ್ಲಿಗೇ ನಿಲ್ಲುತ್ತದೆ. ವಿಮೋಚನಕಾಂಡವನ್ನೇ ನೋಡಿ. ಇಪ್ಪತ್ತನೆಯ ಅಧ್ಯಾಯದಲ್ಲಿ ವಿಗ್ರಹ ಮಾಡಬೇಡ ಎಂಬ ಆಜ್ಞೆ ಇದೆ. ಮೂವತ್ತೆರಡರಲ್ಲಿ ಬಂಗಾರದ ಹೋರಿಕರು. ನಾವು ಈ ಎರಡನ್ನೂ ಪ್ರಸಂಗಗಳಲ್ಲಿ ಕೇಳಿ ಕೇಳಿ ಬಲ್ಲೆವು. ನಡುವೆ, ಮೂವತ್ತೊಂದರಲ್ಲಿ, ಬೆಚಲೇಲ ಎಂಬ ಕುಶಲಕರ್ಮಿ ಬರುತ್ತಾನೆ. ದೇವರು ತನ್ನ ಆತ್ಮವನ್ನು ತುಂಬಿ, ಆರಾಧನೆಯ ಗುಡಾರದ ಚಿನ್ನ, ಬೆಳ್ಳಿ, ಕಲ್ಲು, ಮರದ ಕೆಲಸಕ್ಕೆ ಅವನನ್ನು ನೇಮಿಸುತ್ತಾನೆ. ವಿಗ್ರಹ ಬೇಡವೆಂದ ದೇವರೇ ಕೆತ್ತನೆಗೆ ಆಳನ್ನು ಹೆಸರು ಹಿಡಿದು ಕರೆದ.

ಇನ್ನೂ ಮುಂದಕ್ಕೆ ಓದಬೇಕು. ಹೋರಿಕರುವಿಗೂ ಜನ ಚಿನ್ನ ಕೊಟ್ಟರು, ಗುಡಾರಕ್ಕೂ ಕೊಟ್ಟರು. ಕರುವಿನ ವಿಷಯದಲ್ಲಿ ಅವರು ಕಿವಿಯ ಓಲೆ ಬಿಚ್ಚಿಕೊಟ್ಟರು, ಎರಕ ಹೊಯ್ದವನು ಆರೋನ, ಆಮೇಲೆ ಎಲ್ಲರೂ ಅಡ್ಡಬಿದ್ದರು. ಗುಡಾರದ ವಿಷಯದಲ್ಲಿ ಹೆಂಗಸರು ನೀಲಿ, ಧೂಮ್ರ, ಕೆಂಪು ನೂಲನ್ನೂ ಆಡಿನ ಕೂದಲನ್ನೂ ತಾವೇ ನೂತು ತಂದರು. ಕಾಣಿಕೆ ಎಷ್ಟು ಬಂತೆಂದರೆ, ಸಾಕು ಎಂದು ಮೋಶೆ ಡಂಗುರ ಹೊಡೆಸಬೇಕಾಯಿತು. ನನ್ನ ವಾದ ಇಷ್ಟೇ: ಸಭೆ ಕೈ ಬಳಸಿ ಮಾಡಿದ್ದು ಅದರ ಬದುಕಿನೊಳಗೆ ಸೇರುತ್ತದೆ, ಬರೀ ಕಾಸು ಕೊಟ್ಟು ತರಿಸಿಕೊಂಡದ್ದು ಎಷ್ಟು ಚೆಂದವಿದ್ದರೂ ನೋಟದ ವಸ್ತುವಾಗಿಯೇ ಉಳಿಯುವ ಅಪಾಯವಿದೆ.

ಇದೇ ಅಳತೆಗೋಲನ್ನು ಹೆಸರಾಂತ ಚರ್ಚುಗಳಿಗೂ ಹಿಡಿಯಬಹುದು. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ, ಛಾವಣಿಗಳನ್ನು 1899ರಲ್ಲಿ ಕೈಹಚ್ಚಿ ಚಿತ್ರಗಳಿಂದ ತುಂಬಿದವನು ಇಟಲಿಯ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೆನಿ. ಅಪ್ಪಟ ಕೆಲಸ, ಅನುಮಾನವಿಲ್ಲ. ಇಂದು ಅಲ್ಲಿಗೆ ಪ್ರವಾಸಿಗರು ಬರುತ್ತಾರೆ, ಕತ್ತೆತ್ತಿ ನೋಡುತ್ತಾರೆ, ಹೋಗುತ್ತಾರೆ. ಮೆದಕ್ ಕೆಥೆಡ್ರಲ್ಲನ್ನು ಬರಗಾಲದಲ್ಲಿ ಕೂಳಿಗಾಗಿ ದುಡಿದ ಜನ ಕಟ್ಟಿದರು. 1924ರಲ್ಲಿ ಅದು ಮುಗಿಯಿತು. ಆದರೆ ಅದರ ಬಣ್ಣದ ಗಾಜಿನ ಕಿಟಕಿಗಳು ಇಂಗ್ಲೆಂಡಿನ ಕಲಾವಿದ ಫ್ರಾಂಕ್ ಸ್ಯಾಲಿಸ್ಬರಿಯವು. ಕಲ್ಲು ಹೊರಲು ನಮ್ಮವರು, ಕ್ರಿಸ್ತನ ಮುಖ ಬಿಡಿಸಲು ಇನ್ನೊಬ್ಬರು. ಈ ಹಂಚಿಕೆ ನನಗೆ ಇಂದಿಗೂ ಚುಚ್ಚುತ್ತದೆ. ಬೆಂಗಳೂರಿನ ಪಕ್ಕದ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿ ಕ್ರಿಸ್ತನನ್ನು ಈ ನೆಲದ ಜಾನಪದ ಸಂಕೇತಗಳಲ್ಲಿ ಹುಡುಕಿದ್ದು ಇದಕ್ಕೆ ಒಂದು ಉತ್ತರ.

ಗಡಿಸೀಮೆಯಲ್ಲಿ ಕೈಗಳಿಗೆ ಬರವಿಲ್ಲ. ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು–ಸೆರಗು ರೇಷ್ಮೆಯದು. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಬೆಸೆಯುತ್ತಾರೆ. ನಾರಾಯಣಪೇಟೆಯ ಚೌಕಳಿ ಸೀರೆ ಇನ್ನೊಂದು. ಇಂಥ ಸೀಮೆಯ ಚರ್ಚಿನಲ್ಲಿ ಕರ್ತನ ಭೋಜನದ ಮೇಜಿಗೆ ಪೇಟೆಯ ನೈಲಾನ್ ಲೇಸು ಹಾಸುವುದೇಕೆ? ಕ್ರಿಸ್‌ಮಸ್ಸಿಗೆ ಬಿದಿರುಕಡ್ಡಿ, ಬಣ್ಣದ ಕಾಗದ ಹಿಡಿದು ನಕ್ಷತ್ರ ಕಟ್ಟುವ ಹುಡುಗರು, ಅಂಗಳದಲ್ಲಿ ರಂಗೋಲಿ ಬಿಡಿಸುವ ಹೆಂಗಸರು ಸಭೆಯ ಕಲಾವಿದರೇ. ಯಾರೂ ಅವರನ್ನು ಹಾಗೆ ಕರೆಯಲಿಲ್ಲ ಅಷ್ಟೆ. ಈಗ ಆ ಜಾಗಕ್ಕೆ ಫ್ಲೆಕ್ಸ್ ಬಂದಿದೆ: ಒಂದು ಮೂಲೆಯಲ್ಲಿ ನೀಲಿಕಣ್ಣಿನ ಯೇಸು, ಮಿಕ್ಕೆಲ್ಲ ಕಡೆ ಶುಭ ಕೋರುವವರ ಮುಖಗಳು. ವಿಗ್ರಹದ ಭಯವಿರುವವರು ಮೊದಲು ಹೆದರಬೇಕಾದದ್ದು ಇದಕ್ಕೆ.

ಬರಿಗೋಡೆ ಹಾಗೇ ಇರಲಿ. ಅದರ ಮೇಲೆ ಚಿತ್ರ ಬರೆಸಿ ಎಂದು ನಾನು ಕೇಳುತ್ತಿಲ್ಲ. ಸಭೆಯ ಹಿರಿಯರಲ್ಲಿ ಕೇಳುವುದು ಬೇರೆ. ಈ ಸಲದ ಫ್ಲೆಕ್ಸಿನ ದುಡ್ಡನ್ನು ಒಬ್ಬ ನೇಕಾರನಿಗೆ ಕೊಟ್ಟು ಮೇಜಿನ ಹೊದಿಕೆ ನೇಯಿಸಿ, ಅದರ ನಕ್ಷೆಯನ್ನು ಸಭೆಯ ಹೆಂಗಸರೇ ಬಿಡಿಸಲಿ.